ಎ.ಆರ್. ಕೇನ್: ಸಿಂಗಲ್ಸ್ ಸಂಕಲನ ಸಾಕಾ, ಆಲ್ಬಮ್ ಬೇಕಾ?

ಕುಂಬ್ಳೆ ಲೋಕಲ್:
ನಿನ್ನೆ ಮಂಗಳೂರಿಂದ ರೈಲಲ್ಲಿ ಬರುವಾಗ ಎ.ಆರ್. ಕೇನ್ ಅನ್ನುವ ಬ್ಯಾಂಡಿನ ‘ಕಂಪ್ಲೀಟ್ ಸಿಂಗಲ್ಸ್ ಕಲೆಕ್ಷನ್’ ಹಾಕಿದೆ. ಸಿಂಗಲ್ಸ್ ಅಂತ ಬಿಡಿಬಿಡಿಯಾಗಿ ಬಂದ ಹಾಡುಗಳ 2012ರ ಸಂಕಲನ. ಕುಂಬ್ಳೆ ಬಂದರೂ ಮುಗಿದಿರಲಿಲ್ಲ, ಇಳಿದು ಪ್ಲಾಟ್‌ಫಾರ್ಮ್ ಬೆಂಚಲ್ಲೇ ಕೂತುಬಿಟ್ಟೆ. ಡ್ರೀಮ್ ಪಾಪ್, ಅಂದರೆ ಕನಸಿನ ಹಾಗೆ ತೇಲುವ ಪಾಪ್ ಸಂಗೀತ, ಅಂದರೆ ಎಲ್ಲರ ಬಾಯಲ್ಲೂ ಕಾಕ್ಟೋ ಟ್ವಿನ್ಸ್ ಬ್ಯಾಂಡೇ. ಆ ಹೆಸರನ್ನು ಮೊದಲು ಬಳಸಿದ ಇವರನ್ನು ಕೇಳುವವರೇ ಇಲ್ಲ. ಈ ಸಂಕಲನ ಒಂದು ಸಾಕು, ಇವರೇನು ಅಂತ ಗೊತ್ತಾಗಲು.

ಬದಿಯಡ್ಕದ ಮಾಣಿ:
ಎ.ಆರ್. ಅಂತ ನೋಡಿ ರೆಹಮಾನ್ ಅಂದುಕೊಂಡು ಓಡಿ ಬಂದೆ ಮಾರಾಯ್ರೆ.

ಕುಂಬ್ಳೆ ಲೋಕಲ್:
ಅಲೆಕ್ಸ್ ಅಯೂಲಿಯ ಎ, ರೂಡಿ ತಂಬಾಲಾನ ಆರ್. ಪೂರ್ವ ಲಂಡನ್ನಿನ ಇಬ್ಬರು ಕಪ್ಪು ಹುಡುಗರು.

ನೀರ್ಚಾಲಿನ ಅಕ್ಕ:
‘ಒಂದು ಸಾಕು’ ಅನ್ನುವುದನ್ನು ನಾನು ಒಪ್ಪುವುದಿಲ್ಲ. 1988ರ ‘69’ ಆಲ್ಬಮ್ ಕೇಳದೆ ಬರೀ ಸಿಂಗಲ್ಸ್ ಕೇಳುವುದು ಅಂದರೆ, ಯಕ್ಷಗಾನ ಆಟಕ್ಕೆ ಹೋಗಿ, ಬಣ್ಣ ಹಚ್ಚುವ ಚೌಕಿಯಲ್ಲಿ ವೇಷ ನೋಡಿ ಮನೆಗೆ ಬಂದ ಹಾಗೆ. ರಂಗಸ್ಥಳದಲ್ಲಿ ಏನಾಯ್ತು ಅಂತ ಯಾರಿಗೆ ಗೊತ್ತು?

ಕುಂಬ್ಳೆ ಲೋಕಲ್:
ಅಕ್ಕ, ಬಣ್ಣ ಹಚ್ಚುವುದು ಕಾಣುವುದು ಚೌಕಿಯಲ್ಲೇ ಅಲ್ವಾ! 1986ರ ‘ವೆನ್ ಯೂ ಆರ್ ಸ್ಯಾಡ್’ ತಗೊಳ್ಳಿ. ಗಿಟಾರಿನ ಗದ್ದಲ, ಅದರಡಿ ಒಂದು ಸಿಹಿ ರಾಗ, ಅಷ್ಟೇ. ಮರುವರ್ಷ ‘ಲೋಲಿಟಾ’. ಕಾಕ್ಟೋ ಟ್ವಿನ್ಸ್‌ನ ರಾಬಿನ್ ಗತ್ರಿಯೇ ಮಾಡಿಸಿದ್ದು. ಮೆಲ್ಲಗೆ ಶುರುವಾಗಿ ಆಮೇಲೆ ಗಿಟಾರು ಕಿವಿ ಹರಿಯುವ ಹಾಗೆ ಕಿರುಚುತ್ತದೆ. ಮತ್ತೆರಡು ವರ್ಷದಲ್ಲಿ ‘ಎ ಲವ್ ಫ್ರಂ ಔಟರ್ ಸ್ಪೇಸ್’, ಕಾಲು ತಾನಾಗಿ ಕುಣಿಯುತ್ತದೆ. ಮೂರು ವರ್ಷದ ಈ ಓಟ ಸಾಲಾಗಿ ಸಿಗುವುದು ಸಂಕಲನದಲ್ಲಿ ಮಾತ್ರ. ಅವರು ಒಂದು ಲೇಬಲ್‌ನಲ್ಲಿ, ಅಂದರೆ ಒಂದೇ ರೆಕಾರ್ಡ್ ಕಂಪನಿಯಲ್ಲಿ, ನಿಂತವರೂ ಅಲ್ಲ. ಒನ್ ಲಿಟಲ್ ಇಂಡಿಯನ್, 4ಎಡಿ, ರಫ್ ಟ್ರೇಡ್ ಅಂತ ಹಾಡುಗಳು ಚದುರಿ ಹೋಗಿದ್ದವು.

ಮಂಜೇಶ್ವರದವ:
‘ಪಂಪ್ ಅಪ್ ದ ವಾಲ್ಯೂಮ್’ ಇವರದ್ದೇ ಅಲ್ವಾ? ಅಷ್ಟು ದೊಡ್ಡ ಹಿಟ್ ಕೊಟ್ಟವರು ಕಡೆಗಣಿಸಲ್ಪಟ್ಟವರು ಹೇಗಾದರು?

ನೀರ್ಚಾಲಿನ ಅಕ್ಕ:
ಅಲ್ಲೇ ಇರುವುದು ತಮಾಷೆ. ಮಾರ್ಸ್ ಅನ್ನುವ ಹೆಸರಲ್ಲಿ ಕಲರ್‌ಬಾಕ್ಸ್ ತಂಡದ ಜೊತೆ ಸೇರಿ ಮಾಡಿದ ಒಂದೇ ಒಂದು ರೆಕಾರ್ಡ್ ಅದು. ಮುಂದಿನ ಬದಿಯಲ್ಲಿ ಕಲರ್‌ಬಾಕ್ಸ್‌ನವರ ಕೈಯೇ ಜಾಸ್ತಿ. ಇವರ ಹಾಡು ‘ಆನಿಟೀನಾ’ ಹಿಂಬದಿಯಲ್ಲಿತ್ತು. 1987ರಲ್ಲಿ ರೆಕಾರ್ಡ್ ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು, ಆದರೆ ಯಾರು ತಿರುಗಿಸಿ ಹಾಕುತ್ತಾರೆ?

ಬದಿಯಡ್ಕದ ಮಾಣಿ:
ಬಂದದ್ದಕ್ಕೆ ‘ಲೋಲಿಟಾ’ ಕೇಳಿದೆ. ಅಡಿಕೆ ಸುಲಿಯುವ ಮೆಷಿನ್ ಪಕ್ಕ ಯಾರೋ ಜೋಗುಳ ಹಾಡಿದ ಹಾಗುಂಟು. ಮಾತು ಒಂದೂ ಅರ್ಥವಾಗಲಿಲ್ಲ.

ನೀರ್ಚಾಲಿನ ಅಕ್ಕ:
ಮಾಣಿ, ಇದಕ್ಕಿಂತ ಸರಿಯಾಗಿ ನನಗೂ ಹೇಳಲು ಬರುವುದಿಲ್ಲ. ಮಾತು ಬಿಡು, ಹೆಸರುಗಳಲ್ಲೇ ಕಿಡಿ ಇದೆ. ‘ಬೇಬಿ ಮಿಲ್ಕ್ ಸ್ನ್ಯಾಚರ್’ ಅಂತ ಒಂದುಂಟು. 1971ರಲ್ಲಿ ಬ್ರಿಟನ್ನಿನ ಶಿಕ್ಷಣ ಮಂತ್ರಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಏಳು ವರ್ಷ ದಾಟಿದ ಶಾಲಾ ಮಕ್ಕಳ ಉಚಿತ ಹಾಲು ನಿಲ್ಲಿಸಿದ್ದಕ್ಕೆ ಜನ ‘ಹಾಲು ಕಸಿದವಳು’ ಅಂತ ಕರೆದಿದ್ದರಲ್ಲ, ಹೆಸರು ಅಲ್ಲಿಂದ ಬಂದದ್ದು.

ಕುಂಬ್ಳೆ ಲೋಕಲ್:
ಆ ಹಾಡೂ ಸಂಕಲನದಲ್ಲಿದೆ ಅಕ್ಕ :)

ನೀರ್ಚಾಲಿನ ಅಕ್ಕ:
‘69’ರಲ್ಲೂ ಇದೆ. ಅಲ್ಲಿ ಅದರ ಹಿಂದೆ ಮುಂದೆ ಬರುವ ಹಾಡುಗಳ ಜೊತೆ ಕೇಳು, ಬೇರೆಯೇ ಹಾಡು ಅನ್ನಿಸುತ್ತದೆ. 2023ರಲ್ಲಿ ‘ಎ.ಆರ್. ಕೈವ್’ ಅಂತ ಸೆಟ್ ಬಂದಿದೆ. ‘ಅಪ್ ಹೋಮ್’, ‘69’, ‘ಐ’ ಅಂತ ಇವರ ಮೂರು ರೆಕಾರ್ಡೂ ಒಟ್ಟಿಗೆ. ಹೊಸಬರು ಅಲ್ಲಿಂದ ಶುರು ಮಾಡಲಿ.

ಕುಂಬ್ಳೆ ಲೋಕಲ್:
ಹೊಸಬರನ್ನು ಅಷ್ಟು ಹೊತ್ತು ಕೂರಿಸಿದರೆ ಎದ್ದು ಹೋಗುತ್ತಾರೆ. ಸಿಂಗಲ್ ಆದರೆ ನಾಲ್ಕೈದು ನಿಮಿಷ. ಮಾಣಿ ಕೂತದ್ದೂ ಅದಕ್ಕೇ ಅಲ್ವಾ?

ಬದಿಯಡ್ಕದ ಮಾಣಿ:
ನಾನು ಕೂತದ್ದು ಕರೆಂಟ್ ಇಲ್ಲ ಅಂತ. ಈಗ ಮಳೆ ಹನಿಯುತ್ತಿದೆ, ಅಂಗಳದ ಅಡಿಕೆ ಒಳಗೆ ಹಾಕಬೇಕು. ಅಕ್ಕ, ಆ ಹಾಲಿನ ಹಾಡಿನ ಹೆಸರು ಇನ್ನೊಮ್ಮೆ ಹೇಳಿ.