ಹೊಸ ಡಿಸ್ಕಿಗೆ ಹಾಕಿದ ಮೇಲೆ 4,200 ವಿಡಿಯೋಗಳ ಟ್ಯಾಗ್ ಮಾಯ, ಸಹಾಯ ಬೇಕು

ಬಯಲಾಟ_ಗುಬ್ಬಿ · ಶನಿವಾರ ರಾತ್ರಿ 11:48

ತಲೆ ಕೆಟ್ಟು ಹೋಗಿದೆ. ನಾಲ್ಕು ತಿಂಗಳು ದಿನಾ ರಾತ್ರಿ ಊಟ ಆದ್ಮೇಲೆ ಕೂತು 4,200 ವಿಡಿಯೋಗೆ ಟ್ಯಾಗ್ ಹಾಕಿದ್ದೆ. ಯಾವ ಊರು, ಯಾವ ಪ್ರಸಂಗ, ಭೀಮ ಯಾರು, ದುರ್ಯೋಧನ ಯಾರು, ಹಾರ್ಮೋನಿಯಂ ಮೇಷ್ಟ್ರು ಯಾರು, ಒಂದೂ ಬಿಟ್ಟಿರಲಿಲ್ಲ. ಹಳೇ ಡಿಸ್ಕ್ ಕಟಕಟ ಅನ್ನೋಕೆ ಶುರುವಾಯ್ತು ಅಂತ ಹೊಸ 4 ಟಿಬಿ ಡಿಸ್ಕ್ ತಂದು 2.6 ಟಿಬಿ ಪೂರ್ತಿ ಕಾಪಿ ಮಾಡಿದೆ. ವಿಡಿಯೋಗಳು ಚೆನ್ನಾಗಿ ಓಡ್ತಿವೆ. ಟ್ಯಾಗ್ ಮಾತ್ರ ಒಂದೂ ಇಲ್ಲ.

ಇವು ಡೌನ್‌ಲೋಡ್ ಮಾಡಿದ ಸಿನಿಮಾ ಅಲ್ಲ. ನಮ್ಮ ಕಡೆ ಜಾತ್ರೆಗಳಲ್ಲಿ ಆಡಿದ ಮೂಡಲಪಾಯ ಯಕ್ಷಗಾನ, ಪೌರಾಣಿಕ ನಾಟಕ. 2004ರಿಂದ ನಾನೇ ಕ್ಯಾಮೆರಾ ಹೊತ್ಕೊಂಡು ಹೋಗಿ ತೆಗೆದದ್ದು. ಪಾತ್ರ ಮಾಡಿದವರು ತೀರಿಕೊಂಡ ಮೇಲೆ ಮನೆಯವರು ಬಂದು "ನಮ್ಮಪ್ಪನ ಕರ್ಣನ ಪಾತ್ರ ಇದ್ಯಾ ಅಣ್ಣ" ಅಂತ ಕೇಳ್ತಾರೆ. ಹುಡುಕಿ ಕೊಡೋದಕ್ಕೇ ಟ್ಯಾಗ್ ಹಾಕಿದ್ದು. ಯಾರಿಗಾದ್ರೂ ಗೊತ್ತಿದ್ರೆ ದಯವಿಟ್ಟು ಹೇಳಿ.

ಶಿರಾ_ಸ್ಟುಡಿಯೋ · ಭಾನುವಾರ ಬೆಳಿಗ್ಗೆ 6:20

ಹೊಸ ಡಿಸ್ಕ್ ಎಕ್ಸ್‌ಫ್ಯಾಟ್ ಇರತ್ತೆ, ಪ್ರಾಪರ್ಟೀಸ್‌ನಲ್ಲಿ ನೋಡಿ. ಹಳೇದು ಎನ್‌ಟಿಎಫ್‌ಎಸ್ ಇದ್ದಿರತ್ತೆ. ಎರಡೂ ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡೋ ಪದ್ಧತಿಗಳು. ಎನ್‌ಟಿಎಫ್‌ಎಸ್‌ನಲ್ಲಿ ಫೈಲ್ ಜೊತೆ ಕಣ್ಣಿಗೆ ಕಾಣದ ಇನ್ನೊಂದು ಮಾಹಿತಿ ಅಂಟಿಕೊಂಡಿರಬಹುದು. ಎಕ್ಸ್‌ಫ್ಯಾಟ್‌ಗೆ ಕಾಪಿ ಮಾಡಿದ್ರೆ ಅದು ಉದುರಿ ಹೋಗತ್ತೆ. ಹೊಸ ಡಿಸ್ಕ್ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ ಮತ್ತೆ ಕಾಪಿ ಹಾಕಿ, ಸರಿಹೋಗತ್ತೆ. 22 ವರ್ಷದಿಂದ ಮದುವೆ ವಿಡಿಯೋ ಮಾಡ್ತಿದೀನಿ, ನನಗೂ ಹೀಗೇ ಆಗಿತ್ತು.

ಬಯಲಾಟ_ಗುಬ್ಬಿ · ಭಾನುವಾರ ಬೆಳಿಗ್ಗೆ 6:55

ಹೌದು ಸಾರ್, ಎಕ್ಸ್‌ಫ್ಯಾಟ್ ಅಂತಲೇ ಇದೆ. ತುಂಬಾ ಥ್ಯಾಂಕ್ಸ್. ಈಗಲೇ ಮಾಡ್ತೀನಿ.

ಗೌರಿಬಿದನೂರು_72 · ಭಾನುವಾರ ಬೆಳಿಗ್ಗೆ 9:10

ನನ್ನ ಅಭಿಪ್ರಾಯ ಬೇರೆ. ಟ್ಯಾಗ್ ನಂಬಲೇಬಾರದು. ಎಲ್ಲಾ ಫೈಲ್ ಹೆಸರಿನಲ್ಲೇ ಇರಬೇಕು. ವರ್ಷ, ತಿಂಗಳು, ದಿನ ಮೊದಲು, ಆಮೇಲೆ ಊರು, ಪ್ರಸಂಗ, ಪಾತ್ರಧಾರಿ. 2012-02-20 ಅಂತ ಶುರು ಮಾಡಿದ್ರೆ ಯಾವ ಕಂಪ್ಯೂಟರ್‌ನಲ್ಲಿ ತೆಗೆದ್ರೂ ತಾನಾಗೇ ಸಾಲಾಗಿ ನಿಲ್ಲತ್ತೆ. ಯಾವ ಸಾಫ್ಟ್‌ವೇರೂ ಬೇಡ.

ಚಿಂತಾಮಣಿ_ನಾಸ್ · ಭಾನುವಾರ ಬೆಳಿಗ್ಗೆ 10:02

ಹೆಸರಲ್ಲೇ ಎಲ್ಲಾ ತುಂಬೋಕೆ ಹೋದ್ರೆ ಲಿನಕ್ಸ್ ನಾಸ್‌ಗೆ, ಅಂದ್ರೆ ನೆಟ್‌ವರ್ಕ್‌ಗೆ ಹಾಕೋ ಡಿಸ್ಕ್ ಪೆಟ್ಟಿಗೆಗೆ, ಕಾಪಿ ಮಾಡುವಾಗ ಒದ್ದಾಡ್ತೀರಿ ಅಣ್ಣ. ಅದರ ಡಿಸ್ಕ್ ಪದ್ಧತಿ ಎಕ್ಸ್ಟ್4ನಲ್ಲಿ ಒಂದು ಹೆಸರಿಗೆ 255 ಬೈಟ್ ಅಷ್ಟೇ. ಅಲ್ಲಿ ಬಳಸೋ ಯುಟಿಎಫ್-8 ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್. "ಮೂಡಲಪಾಯ" ಅನ್ನೋ ಒಂದು ಪದಕ್ಕೇ 21 ಬೈಟ್ ಹೋಯ್ತು, ಯಾಕಂದ್ರೆ ದೀರ್ಘ, ಒತ್ತು ಎಲ್ಲಾ ಬೇರೆ ಬೇರೆ ಲೆಕ್ಕ. ಒಟ್ಟು 85 ಚಿಹ್ನೆ ದಾಟಿದ್ರೆ ಹೆಸರು ಉದ್ದ ಆಯ್ತು ಅಂತ ಕಾಪಿ ನಿಂತು ಹೋಗತ್ತೆ. ವಿಂಡೋಸ್‌ನಲ್ಲಿ ಗೊತ್ತೇ ಆಗಲ್ಲ, ಅಲ್ಲಿ ಬೈಟ್ ಲೆಕ್ಕ ಇಲ್ಲ.

ನಾನು ಎಲ್ಲಾ ನಾಸ್‌ನಲ್ಲೇ ಇಟ್ಟಿರೋದು. 4 ಬೇ, 8 ಟಿಬಿಯ ನಾಲ್ಕು ಡಿಸ್ಕ್, ರೈಡ್ 5, ಅಂದ್ರೆ ಒಂದು ಡಿಸ್ಕ್ ಕೆಟ್ರೂ ಫೈಲ್ ಉಳಿಯೋ ಜೋಡಣೆ. ಮನೆಯೊಳಗೆ ವಿಡಿಯೋ ಹಂಚೋ ಜೆಲ್ಲಿಫಿನ್ ಹಾಕಿದೀನಿ. ಹಾಲ್‌ನಲ್ಲಿ ಟಿವಿ, ಅಡುಗೆಮನೆಯಲ್ಲಿ ಟ್ಯಾಬ್, ಎಲ್ಲಾ ಕಡೆ ಓಡತ್ತೆ. ಕರೆಂಟ್ ಹೋದ್ರೆ ಯುಪಿಎಸ್ ನಾಸ್‌ಗೆ ತಾನೇ ಹೇಳಿ ಆಫ್ ಮಾಡಿಸತ್ತೆ. ಫೋಟೋ ಹಾಕ್ತೀನಿ ಸಂಜೆ.

ಗೌರಿಬಿದನೂರು_72 · ಭಾನುವಾರ ಬೆಳಿಗ್ಗೆ 10:30

ಅದಕ್ಕೇ ನಾನು ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಇಡೋದು.

ಬಯಲಾಟ_ಗುಬ್ಬಿ · ಭಾನುವಾರ ಬೆಳಿಗ್ಗೆ 10:41

ಸಾರ್, ಕನ್ನಡದ ಪಾತ್ರಧಾರಿಗಳ ಹೆಸರನ್ನ ಇಂಗ್ಲಿಷಿನಲ್ಲಿ ಬರೆದ್ರೆ ಳ, ಲ ಗೊತ್ತಾಗಲ್ಲ, ಣ, ನ ಗೊತ್ತಾಗಲ್ಲ. ನಮ್ಮೂರಲ್ಲೇ ಒಂದೇ ಹೆಸರಿನ ಮೂರು ಭೀಮ ಇದಾರೆ. ನಾನು ಕನ್ನಡದಲ್ಲೇ ಇಡ್ತೀನಿ. ಫಾರ್ಮ್ಯಾಟ್ ಆಯ್ತು, ಕಾಪಿ ಶುರು ಮಾಡಿದೀನಿ. 20 ಗಂಟೆ ತೋರಿಸ್ತಿದೆ.

ಚಿಂತಾಮಣಿ_ನಾಸ್ · ಭಾನುವಾರ ಬೆಳಿಗ್ಗೆ 10:50

20 ಗಂಟೆ ಅಂದ್ರೆ ಯುಎಸ್‌ಬಿ 2 ಪೋರ್ಟ್‌ಗೆ ಚುಚ್ಚಿದೀರಾ. ಒಳಗೆ ನೀಲಿ ಇರೋ ಪೋರ್ಟ್‌ಗೆ ಹಾಕಿ, ಏಳು ಗಂಟೆಯಲ್ಲಿ ಮುಗಿಯತ್ತೆ.

ಮಾಲೂರು_ಲಿನಕ್ಸ್ · ಭಾನುವಾರ ಮಧ್ಯಾಹ್ನ 1:15

ಒಂದು ನಿಮಿಷ. ಕಟಕಟ ಅಂತಿರೋ ಡಿಸ್ಕ್‌ನಿಂದ ತೆಗೆದ ಒಂದೇ ಒಂದು ಒಳ್ಳೇ ಪ್ರತಿಯನ್ನ ಫಾರ್ಮ್ಯಾಟ್ ಮಾಡಿಬಿಟ್ರಾ? ಈಗ ಮತ್ತೆ ಅದೇ ಸಾಯ್ತಿರೋ ಡಿಸ್ಕ್‌ನಿಂದ ಓದಿಸ್ತಿದೀರಾ? ಬೇರೆ ಪ್ರತಿ ಇದೆ ತಾನೇ?

ಇಷ್ಟು ಹೇಳಿ. ಟ್ಯಾಗ್ ಹಾಕಿದ್ದು ಯಾವ ಸಾಫ್ಟ್‌ವೇರ್‌ನಲ್ಲಿ? ಫೈಲ್‌ಗಳು ಎಂಪಿ4ಆ, ಎಂಟಿಎಸ್ಸಾ, ಎವಿಐನಾ? ಟ್ಯಾಗ್ ಹಾಕಿದ ಕಂಪ್ಯೂಟರೂ ಈಗ ನೋಡ್ತಿರೋ ಕಂಪ್ಯೂಟರೂ ಒಂದೇನಾ?

ಶಿರಾ_ಸ್ಟುಡಿಯೋ · ಭಾನುವಾರ ಮಧ್ಯಾಹ್ನ 1:40

ಸಾಫ್ಟ್‌ವೇರ್ ಯಾವುದಾದ್ರೇನು, ಸಮಸ್ಯೆ ಎಕ್ಸ್‌ಫ್ಯಾಟೇ. ಕಾಪಿ ಮುಗೀಲಿ ಬಿಡಿ.

ಮಾಲೂರು_ಲಿನಕ್ಸ್ · ಭಾನುವಾರ ಮಧ್ಯಾಹ್ನ 1:52

ವಿಂಡೋಸ್‌ನಲ್ಲಿ ಎಂಪಿ4ಗೆ ಹಾಕೋ ಟ್ಯಾಗ್ ಫೈಲ್ ಒಳಗೇ ಕೂರತ್ತೆ, ಎಕ್ಸ್‌ಫ್ಯಾಟ್‌ಗೆ ಹೋದ್ರೂ ಹಾಳಾಗಲ್ಲ. ಎಂಟಿಎಸ್‌ಗೆ ಪ್ರಾಪರ್ಟೀಸ್‌ನಿಂದ ಟ್ಯಾಗ್ ಹಾಕೋಕೇ ಆಗಲ್ಲ. ಹಾಗಾಗಿ ಕೇಳ್ತಿದೀನಿ, ಯಾವ ಸಾಫ್ಟ್‌ವೇರ್?

ಶಿರಾ_ಸ್ಟುಡಿಯೋ · ಭಾನುವಾರ ಮಧ್ಯಾಹ್ನ 2:05

ನೀವು ಲಿನಕ್ಸ್‌ನವರು ಎಲ್ಲದಕ್ಕೂ ಹತ್ತು ಪ್ರಶ್ನೆ ಕೇಳ್ತೀರಿ. ನಾನು ಕಣ್ಣಾರೆ ನೋಡಿದ್ದನ್ನ ಹೇಳ್ತಿದೀನಿ.

ಬಯಲಾಟ_ಗುಬ್ಬಿ · ಸೋಮವಾರ ಬೆಳಿಗ್ಗೆ 7:30

ಕಾಪಿ ಮುಗೀತು. ಟ್ಯಾಗ್ ಬರಲಿಲ್ಲ. ಮೂರು ಫೈಲ್ ಓದೋಕೆ ಆಗಲ್ಲ ಅಂತ ಬಂತು. ಶನಿವಾರ ಕಾಪಿ ಮಾಡಿದಾಗ ಆ ಮೂರೂ ಬಂದಿದ್ವು. ರಾತ್ರಿಯೆಲ್ಲಾ ನಿದ್ದೆ ಇಲ್ಲ.

ಮಾಲೂರು ಸಾರ್, ಟ್ಯಾಗ್ ಹಾಕಿದ್ದು ಡಿಜಿಕ್ಯಾಮ್‌ನಲ್ಲಿ, ಹೇಳಿದ್ದೆ ಅಂದ್ಕೊಂಡಿದ್ದೆ. ಜಾಸ್ತಿ ಎಂಟಿಎಸ್, ಕ್ಯಾಮೆರಾದ ಕಾರ್ಡ್‌ನಲ್ಲಿ ಇದ್ದ ಹಾಗೇ, ಪ್ರತಿ ಫೋಲ್ಡರ್‌ನಲ್ಲೂ 00000, 00001 ಅಂತ ಅವೇ ಹೆಸರು. 2009ಕ್ಕಿಂತ ಹಿಂದಿನದು ಮಿನಿ ಡಿವಿ ಟೇಪ್‌ನಿಂದ ತೆಗೆದ ಎವಿಐ. ಈಚೆಗಿನದು ಮೊಬೈಲ್ ಎಂಪಿ4. ಟ್ಯಾಗ್ ಹಾಕಿದ್ದು ಮನೆಯ ಡೆಸ್ಕ್‌ಟಾಪ್‌ನಲ್ಲಿ. ಈಗ ನೋಡ್ತಿರೋದು ಮಗಳ ಲ್ಯಾಪ್‌ಟಾಪ್‌ನಲ್ಲಿ, ಅದಕ್ಕೂ ಡಿಜಿಕ್ಯಾಮ್ ಹಾಕಿದೀನಿ. ಡೆಸ್ಕ್‌ಟಾಪ್ ನಿಧಾನ ಆಗಿತ್ತು ಅಂತ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಹೊಸದಾಗಿ ಹಾಕೋಕೆ ಶುಕ್ರವಾರ ತುಮಕೂರಿನ ಅಂಗಡಿಗೆ ಕೊಟ್ಟಿದೀನಿ.

ಮಾಲೂರು_ಲಿನಕ್ಸ್ · ಸೋಮವಾರ ಬೆಳಿಗ್ಗೆ 7:38

ಈಗಲೇ ಆ ಅಂಗಡಿಗೆ ಫೋನ್ ಮಾಡಿ. ಹಳೇ ಸಿ ಡ್ರೈವ್ ಫಾರ್ಮ್ಯಾಟ್ ಮಾಡಬೇಡಿ, ಮುಟ್ಟಬೇಡಿ ಅಂತ ಹೇಳಿ. ಇದನ್ನ ಓದಿ ಮುಗಿಸೋ ಮುಂಚೆ ಫೋನ್ ಮಾಡಿ.

ಡಿಜಿಕ್ಯಾಮ್ ಟ್ಯಾಗ್‌ಗಳನ್ನ ಒಂದು ಡೇಟಾಬೇಸ್‌ನಲ್ಲಿ ಇಡತ್ತೆ. ಫೈಲ್ ಹೆಸರು ಡಿಜಿಕ್ಯಾಮ್4.ಡಿಬಿ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ನಿಮ್ಮ ಪಿಕ್ಚರ್ಸ್ ಫೋಲ್ಡರ್‌ನಲ್ಲಿ, ಅಂದ್ರೆ ಸಿ ಡ್ರೈವ್‌ನಲ್ಲಿ. ಎಂಟಿಎಸ್, ಎವಿಐ ಫೈಲ್ ಒಳಗೆ ಅದು ಟ್ಯಾಗ್ ಬರೆಯಲ್ಲ. ಪಕ್ಕದಲ್ಲಿ ಎಕ್ಸ್‌ಎಂಪಿ ಅಂತ ಚಿಕ್ಕ ಫೈಲ್ ಬರೆಯೋ ಆಯ್ಕೆ ಇದೆ, ಅದನ್ನ ನಾವೇ ಆನ್ ಮಾಡಬೇಕು. ನೀವು ಆನ್ ಮಾಡಿಲ್ಲದಿದ್ರೆ ನಾಲ್ಕು ತಿಂಗಳ ಕೆಲಸ ಪೂರ್ತಿ ಇರೋದು ಆ ಒಂದು ಫೈಲ್‌ನಲ್ಲಿ. ನೀವು ಕಾಪಿ ಮಾಡಿದ ಡಿಸ್ಕ್‌ನಲ್ಲಿ ಅದು ಯಾವತ್ತೂ ಇರಲೇ ಇಲ್ಲ.

ಬಯಲಾಟ_ಗುಬ್ಬಿ · ಸೋಮವಾರ ಬೆಳಿಗ್ಗೆ 10:15

ಅಂಗಡಿ ಹತ್ತು ಗಂಟೆಗೆ ತೆಗೀತಾರೆ. ಫೋನ್ ಎತ್ತಲಿಲ್ಲ ಅಂತ ಬಸ್ ಹತ್ತಿ ಬಂದೇಬಿಟ್ಟೆ. ಎಸ್‌ಎಸ್‌ಡಿಗೆ ವಿಂಡೋಸ್ ಹೊಸದಾಗಿ ಹಾಕಿಬಿಟ್ಟಿದಾರೆ. ಹಳೇ 500 ಜಿಬಿ ಡಿಸ್ಕ್ ಬಿಚ್ಚಿ ನನ್ನ ಹೆಸರು ಬರೆದು ಕವರ್‌ನಲ್ಲಿ ಇಟ್ಟಿದಾರೆ. ಮುಟ್ಟಿಲ್ಲ ಅಂದ್ರು. ಕೈಯಲ್ಲಿದೆ ಈಗ.

ಮಾಲೂರು_ಲಿನಕ್ಸ್ · ಸೋಮವಾರ ಬೆಳಿಗ್ಗೆ 10:21

ಒಳ್ಳೇದಾಯ್ತು. ಅಲ್ಲೇ ಒಂದು ಸಾಟಾದಿಂದ ಯುಎಸ್‌ಬಿಗೆ ಹಾಕೋ ಕೇಬಲ್ ಇಸ್ಕೊಳ್ಳಿ. ಲ್ಯಾಪ್‌ಟಾಪ್‌ಗೆ ಹಾಕಿ ಯೂಸರ್ಸ್, ನಿಮ್ಮ ಹೆಸರು, ಪಿಕ್ಚರ್ಸ್ ನೋಡಿ. ಡಿಜಿಕ್ಯಾಮ್4 ಜೊತೆಗೆ ಕೊನೆಯಲ್ಲಿ ಡಿಬಿ ಇರೋ ಇನ್ನೂ ಎರಡು ಮೂರು ಫೈಲ್ ಇರತ್ತೆ, ಎಲ್ಲಾ ತಗೊಳ್ಳಿ. ಮೊದಲು ಒಂದು ಪ್ರತಿ ಪೆನ್‌ಡ್ರೈವ್‌ಗೆ. ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಡಿಜಿಕ್ಯಾಮ್ ಮುಚ್ಚಿ ಅದರ ಪಿಕ್ಚರ್ಸ್‌ಗೆ ಹಾಕಿ.

ತೆರೆದಾಗ ಕಲೆಕ್ಷನ್, ಅಂದ್ರೆ ವಿಡಿಯೋ ಇದ್ದ ಫೋಲ್ಡರ್, ಸಿಗ್ತಿಲ್ಲ ಅಂತ ಹೇಳಬಹುದು, ಗಾಬರಿ ಬೇಡ. ಡಿಸ್ಕ್‌ಗೆ ಅದರದ್ದೇ ಒಂದು ಗುರುತಿನ ಸಂಖ್ಯೆ ಇರತ್ತೆ, ಡಿಜಿಕ್ಯಾಮ್ ಅದನ್ನ ನೆನಪಿಟ್ಟಿರತ್ತೆ. ಹೊಸ ಡಿಸ್ಕ್‌ನ ಸಂಖ್ಯೆ ಬೇರೆ. ಸೆಟ್ಟಿಂಗ್ಸ್‌ನ ಕಲೆಕ್ಷನ್ಸ್ ಪುಟದಲ್ಲಿ ಹಳೇ ಕಲೆಕ್ಷನ್ ಎದುರು ಅಪ್‌ಡೇಟ್ ಬಟನ್ ಒತ್ತಿ ಹೊಸ ಜಾಗ ತೋರಿಸಿ. ಹಳೇ ಕಲೆಕ್ಷನ್ ಅಳಿಸಬೇಡಿ.

ಇನ್ನೊಂದು ಮಾತು. ಟ್ಯಾಗ್ ವಾಪಸ್ ಬಂದು ಎಕ್ಸ್‌ಎಂಪಿ ಬರೆಯೋವರೆಗೂ ಎಂಟಿಎಸ್ ತುಂಡುಗಳನ್ನ ಜೋಡಿಸೋದು, ಎಂಪಿ4 ಮಾಡೋದು ಯಾವುದೂ ಬೇಡ. ಹಾಗೆ ಮಾಡಿದ್ರೆ ಅದು ಡಿಜಿಕ್ಯಾಮ್ ಲೆಕ್ಕದಲ್ಲಿ ಹೊಸ ಫೈಲ್.

ಚಿಂತಾಮಣಿ_ನಾಸ್ · ಸೋಮವಾರ ಮಧ್ಯಾಹ್ನ 12:40

ನನ್ನ ಥರ ರೈಡ್ ಹಾಕಿದ್ರೆ ಈ ತೊಂದ್ರೆನೇ ಇರ್ತಿರಲಿಲ್ಲ. ನಾಸ್ ಫೋಟೋ ಹಾಕಿದೀನಿ ನೋಡಿ, ಮೇಲೆ ಕಾಣೋದು ಕೇಬಲ್ ಎಲ್ಲಾ ಸೇರೋ ಪ್ಯಾಚ್ ಪ್ಯಾನೆಲ್.

ಗೌರಿಬಿದನೂರು_72 · ಸೋಮವಾರ ಮಧ್ಯಾಹ್ನ 1:05

ರೈಡ್ ಬ್ಯಾಕಪ್ ಅಲ್ಲ. ಡಿಸ್ಕ್ ಕೆಟ್ರೆ ಕಾಪಾಡತ್ತೆ, ಕೈತಪ್ಪಿ ಅಳಿಸಿದ್ರೆ ನಾಲ್ಕೂ ಡಿಸ್ಕ್‌ನಿಂದ ಒಟ್ಟಿಗೇ ಹೋಗತ್ತೆ. ಅವರ ಡೇಟಾಬೇಸ್ ಇದ್ದಿದ್ದು ಸಿ ಡ್ರೈವ್‌ನಲ್ಲಿ. ನಿಮ್ಮ ನಾಸ್ ಅದಕ್ಕೇನು ಮಾಡ್ತಿತ್ತು?

ಚಿಂತಾಮಣಿ_ನಾಸ್ · ಸೋಮವಾರ ಮಧ್ಯಾಹ್ನ 1:12

ನಾನು ಬ್ಯಾಕಪ್ ಅಂತ ಹೇಳೇ ಇಲ್ಲ. ನೀವು ಮೊದಲಿಂದ ಹೆಸರು ಹೆಸರು ಅಂತ ಹಠ ಹಿಡಿದಿದೀರಿ.

ಬಯಲಾಟ_ಗುಬ್ಬಿ · ಸೋಮವಾರ ರಾತ್ರಿ 9:25

ಬಂತು ಸಾರ್. ಬಂತು. ಎಡಗಡೆ ಟ್ಯಾಗ್ ಪಟ್ಟಿ ಹಾಗೇ ಇಳೀತಾ ಹೋಯ್ತು, ಗುಬ್ಬಿ, ತುರುವೇಕೆರೆ, ತಿಪಟೂರು, ಅದರ ಒಳಗೆ ಊರುಗಳು, ಊರಿನ ಒಳಗೆ ಪಾತ್ರಧಾರಿಗಳು. ಮುಖವೀಣೆ ನುಡಿಸೋ ತಾತನ ಹೆಸರು ಒತ್ತಿದೆ, 14 ವಿಡಿಯೋ ಬಂದ್ವು. ಮನೆಯವರೆಲ್ಲಾ ಬಂದು ನಿಂತು ನೋಡಿದ್ರು.

ಎಕ್ಸ್‌ಎಂಪಿ ಆಯ್ಕೆ ಆನ್ ಮಾಡಿ, ಎಲ್ಲಾ ಫೈಲ್‌ಗೂ ಬರೆಯೋಕೆ ಹಾಕಿದೀನಿ. 00003.ಎಂಟಿಎಸ್ ಪಕ್ಕದಲ್ಲಿ 00003.ಎಂಟಿಎಸ್.ಎಕ್ಸ್‌ಎಂಪಿ ಅಂತ ಬರ್ತಿದೆ. ನೋಟ್‌ಪ್ಯಾಡ್‌ನಲ್ಲಿ ತೆಗೆದ್ರೆ ಪಾತ್ರಧಾರಿ ಹೆಸರು ಕನ್ನಡದಲ್ಲೇ ಓದಬಹುದು.

ಒಂದೇ ಒಂದು ತೊಂದ್ರೆ. ಒಂದೇ ರಾತ್ರಿಯ ಆಟದಲ್ಲಿ ಕ್ಯಾಮೆರಾ ಫೈಲೂ ಮೊಬೈಲ್ ಫೈಲೂ ದಿನಾಂಕದ ಪ್ರಕಾರ ಸಾಲಾಗಿ ಬರ್ತಿಲ್ಲ. ಬೆಳಗಿನ ಜಾವ 5 ಗಂಟೆಗೆ ಮೊಬೈಲ್‌ನಲ್ಲಿ ತೆಗೆದ ಮಂಗಳದ ಪದ, ಹಿಂದಿನ ರಾತ್ರಿ 11:30ರ ದೃಶ್ಯದ ಪಕ್ಕ ಕೂತಿದೆ.

ಮಾಲೂರು_ಲಿನಕ್ಸ್ · ಸೋಮವಾರ ರಾತ್ರಿ 9:50

ತುಂಬಾ ಸಂತೋಷ ಆಯ್ತು ಅಣ್ಣ.

ಲೆಕ್ಕ ಹಾಕಿ, ಐದೂವರೆ ಗಂಟೆ ವ್ಯತ್ಯಾಸ. ಎಂಪಿ4 ಒಳಗೆ ಸಮಯವನ್ನ ಯುಟಿಸಿಯಲ್ಲಿ, ಅಂದ್ರೆ ನಮಗಿಂತ ಐದೂವರೆ ಗಂಟೆ ಹಿಂದಿರೋ ವಿಶ್ವ ಸಮಯದಲ್ಲಿ, ಬರೀಬೇಕು ಅಂತ ನಿಯಮ, ಮೊಬೈಲ್ ಹಾಗೇ ಬರೆಯತ್ತೆ. ನಿಮ್ಮ ಕ್ಯಾಮೆರಾ ಇಲ್ಲಿಯ ಗಡಿಯಾರದ ಸಮಯ ಬರೆದಿದೆ. ಇಡೀ ರಾತ್ರಿಯ ಆಟ ಆದ್ರಿಂದ ಎದ್ದು ಕಾಣ್ತಿದೆ. ಎಕ್ಸಿಫ್‌ಟೂಲ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಈ ಸಮಯವನ್ನ ಯುಟಿಸಿ ಅಂತಲೇ ಓದೋ ಆಯ್ಕೆ ಇದೆ. ಅದನ್ನ ಹಾಕಿ ಸರಿಯಾದ ಸಮಯವನ್ನ ಮೊಬೈಲ್ ಫೈಲ್‌ಗಳ ಹೆಸರಿನ ಮುಂದೆ ಸೇರಿಸಿ. ಎಂಟಿಎಸ್‌ನ ಸಮಯ ಮುಟ್ಟಬೇಡಿ, ಎಕ್ಸಿಫ್‌ಟೂಲ್ ಅದರೊಳಗೆ ಬರೆಯೋದೂ ಇಲ್ಲ, ಓದತ್ತೆ ಅಷ್ಟೇ. ಮೊದಲು ಹತ್ತು ಫೈಲ್‌ನ ಪ್ರತಿ ಮೇಲೆ ಮಾಡಿ ನೋಡಿ.

ಗೌರಿಬಿದನೂರು_72 · ಸೋಮವಾರ ರಾತ್ರಿ 10:04

ಕೊನೆಗೆ ಹೆಸರಿನಲ್ಲೇ ದಿನಾಂಕ ಬಂತಲ್ಲ.

ಶಿರಾ_ಸ್ಟುಡಿಯೋ · ಸೋಮವಾರ ರಾತ್ರಿ 11:20

ಫಾರ್ಮ್ಯಾಟ್ ಮಾಡಿ ಅಂದಿದ್ದು ನಾನು. ಸಾಫ್ಟ್‌ವೇರ್ ಯಾವುದು ಅಂತ ಕೇಳದೇ ಹೇಳಿಬಿಟ್ಟೆ, ತಪ್ಪಾಯ್ತು. ಬೆಳಿಗ್ಗೆಯಿಂದ ಆ ಮೂರು ಫೈಲೇ ತಲೆಯಲ್ಲಿದೆ. ಯಾವುದವು, ಎಂಟಿಎಸ್ಸಾ ಎವಿಐನಾ? ಒಂದು ಗಂಟೆಗೆ 13 ಜಿಬಿ ಇದ್ರೆ ಅದು ಟೇಪ್‌ನಿಂದ ತೆಗೆದದ್ದು. ಟೇಪ್ ಇಟ್ಕೊಂಡಿದೀರಾ?

ಬಯಲಾಟ_ಗುಬ್ಬಿ · ಮಂಗಳವಾರ ಬೆಳಿಗ್ಗೆ 6:10

ಎರಡು ಎವಿಐ, ಒಂದು ಎಂಟಿಎಸ್. ಟೇಪ್‌ಗಳು ಬೀರುವಿನಲ್ಲಿ ಇವೆ, ಡಬ್ಬದ ಮೇಲೆ ನಂಬರ್ ಹಾಕಿದೀನಿ. 2006ರ ಜಾತ್ರೆಯ ರಾಯಭಾರದ ದೃಶ್ಯ ಎರಡು ಟೇಪ್‌ನಲ್ಲಿದೆ. ಆದ್ರೆ ನನ್ನ ಹಳೇ ಕ್ಯಾಮೆರಾ ಟೇಪ್ ನುಂಗತ್ತೆ, ಹಾಕೋಕೆ ಧೈರ್ಯ ಇಲ್ಲ.

ಶಿರಾ_ಸ್ಟುಡಿಯೋ · ಮಂಗಳವಾರ ಬೆಳಿಗ್ಗೆ 6:32

ನನ್ನ ಹತ್ರ ಮಿನಿ ಡಿವಿ ಡೆಕ್ ಇದೆ, ಹೋದ ತಿಂಗಳೂ ಓಡಿಸಿದೀನಿ. ಡೆಕ್‌ನ ಕೇಬಲ್ ಸೇರಿಸೋ ಫೈರ್‌ವೈರ್ ಕಾರ್ಡ್ ಇರೋ ಹಳೇ ಕಂಪ್ಯೂಟರೂ ಇದೆ. ಫೈರ್‌ವೈರ್‌ನಲ್ಲಿ ತೆಗೆದ್ರೆ ಟೇಪ್‌ನಲ್ಲಿ ಇದ್ದದ್ದು ಇದ್ದ ಹಾಗೇ ಬರತ್ತೆ. ತೆಗೆದ ದಿನಾಂಕ, ಸಮಯ ಕೂಡ ಪ್ರತಿ ಫ್ರೇಮ್ ಜೊತೆ ಬರತ್ತೆ, ಮೀಡಿಯಾಇನ್ಫೋ ಸಾಫ್ಟ್‌ವೇರ್‌ನಲ್ಲಿ ನೋಡಬಹುದು. ಟೇಪ್ ತುಂಬಾ ವರ್ಷ ಒಂದೇ ಕಡೆ ಸುತ್ತಿಕೊಂಡಿದ್ರೆ ಮೊದಲು ಒಂದು ಸಲ ಕೊನೆವರೆಗೂ ಓಡಿಸಿ ವಾಪಸ್ ಸುತ್ತಬೇಕು, ಆಮೇಲೆ ರೆಕಾರ್ಡ್. ಎರಡು ಟೇಪ್‌ಗೆ ಅರ್ಧ ದಿನ ಸಾಕು.

ದುಡ್ಡು ಬೇಡ. ಗುರುವಾರ ಮದುವೆ ಕೆಲಸ ಇಲ್ಲ, ಟೇಪ್ ತಗೊಂಡು ಶಿರಾಗೆ ಬನ್ನಿ. ನಂಬರ್ ಪರ್ಸನಲ್ ಮೆಸೇಜ್‌ನಲ್ಲಿ ಕಳಿಸ್ತೀನಿ.

ಬಯಲಾಟ_ಗುಬ್ಬಿ · ಮಂಗಳವಾರ ಬೆಳಿಗ್ಗೆ 6:40

ಬರ್ತೀನಿ ಸಾರ್, ಬೆಳಗಿನ ಮೊದಲ ಬಸ್ಸಿಗೇ. ಡಿಜಿಕ್ಯಾಮ್‌ನಲ್ಲಿ ನೋಡ್ದೆ, ಆ ಎರಡು ಫೈಲ್‌ನ ಟ್ಯಾಗ್ ಡೇಟಾಬೇಸ್‌ನಲ್ಲಿ ಇನ್ನೂ ಇದೆ. ಯಾರು ಯಾವ ಪಾತ್ರ ಅಂತ ಈಗಲೇ ಪುಸ್ತಕದಲ್ಲಿ ಬರ್ಕೊಳ್ತಿದೀನಿ.

ಎಂಟಿಎಸ್ ಒಂದು ಉಳೀತು. ಕಟಕಟ ಡಿಸ್ಕ್ ಆಫ್ ಮಾಡಿ ತೆಗೆದಿಟ್ಟಿದೀನಿ. ಅದರಿಂದ ಒಂದೇ ಫೈಲ್ ತೆಗೆಯೋಕೆ ದಾರಿ ಯಾರಿಗಾದ್ರೂ ಗೊತ್ತಿದ್ರೆ ಹೇಳಿ, 1.9 ಜಿಬಿ ಇದೆ.