ಮಕ್ಕಳ ಕೈಯಾಗಿನ ಮೊಬೈಲು: ಶಾಲೆಯ ಸುದ್ದಿ ಪತ್ರಕ್ಕೆ ನಿಮ್ಮ ಮನೆಯ ಅನುಭವ ಹೇಳ್ರಿ

ಕೇಳಿದವರು: ಬಾಗಲಕೋಟೆ ನವನಗರದ ಒಬ್ಬ ತಾಯಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯೆ

ಎಲ್ಲರಿಗೂ ನಮಸ್ಕಾರ ರೀ. ನಮ್ಮ ಸರ್ಕಾರಿ ಶಾಲೆಯಿಂದ ತಿಂಗಳಿಗೊಮ್ಮೆ ಎರಡು ಪುಟದ ಸುದ್ದಿ ಪತ್ರ ತರುತ್ತೇವೆ. ಕ್ರೀಡಾಕೂಟದಲ್ಲಿ ಯಾರು ಗೆದ್ದರು, ಪಾಲಕರ ಸಭೆ ಯಾವತ್ತು, ಸ್ಕಾಲರ್‌ಶಿಪ್‌ಗೆ ಏನೇನು ಕಾಗದ ಬೇಕು, ಇಂಥವು ಇರುತ್ತವೆ. ಝೆರಾಕ್ಸ್ ಮಾಡಿಸಿ ಮಕ್ಕಳ ಪಾಟಿಚೀಲದಲ್ಲಿ ಇಟ್ಟು ಕಳಿಸುತ್ತೇವೆ.

ಹೋದ ತಿಂಗಳ ಸಭೆಯಲ್ಲಿ ಏಳನೇ ತರಗತಿ ಹುಡುಗನ ತಾಯಿ ಎದ್ದು ನಿಂತರು. ಆಟದೊಳಗೆ ಯಾರೋ ಗುರುತಿಲ್ಲದವರು ಮಗನಿಗೆ "ನಿನ್ನ ಫೋಟೋ ಕಳಿಸು" ಅಂತ ದಿನಾ ಮೆಸೇಜ್ ಹಾಕುತ್ತಾರೆ, ಏನು ಮಾಡಲಿ ಎಂದು ಕೇಳಿದರು. ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ನಾಲ್ಕಕ್ಕೆ ಶುರುವಾದ ಸಭೆ ಆರಾದರೂ ಮುಗಿಯಲಿಲ್ಲ. ಆದರೆ ಎಲ್ಲರ ಬಾಯಲ್ಲೂ ಬಂದ ಪರಿಹಾರ ಒಂದೇ: "ಮೊಬೈಲ್ ಕಸ್ಕೊಳ್ರಿ." ನನಗೆ ಅದು ಸಮಾಧಾನ ಆಗಲಿಲ್ಲ. ಮುಂದಿನ ಸುದ್ದಿ ಪತ್ರದ ಒಂದು ಪುಟವನ್ನು ಇದಕ್ಕೇ ಬಿಡಬೇಕು ಅಂತ ಇದ್ದೇವೆ. ನಿಮ್ಮ ಮನೆಯಲ್ಲಿ, ಶಾಲೆಯಲ್ಲಿ ಏನಾಯ್ತು, ನೀವೇನು ಮಾಡಿದಿರಿ, ಯಾವುದು ಉಪಯೋಗಕ್ಕೆ ಬಂತು? ಇದ್ದದ್ದು ಇದ್ದಂಗೆ ಬರೆಯಿರಿ.

ಇಳಕಲ್‌ನಿಂದ ಒಬ್ಬ ತಂದೆ

ಅಕ್ಕಾರ, ನಂದು ಪವರ್‌ಲೂಮ್ ಕೆಲಸ. ಮಗ ಆರನೇ ಕ್ಲಾಸ್. ಫ್ರೀ ಫೈರ್ ಮ್ಯಾಕ್ಸ್ ಆಡ್ತಾನ ಅಂತ ಗೊತ್ತಿತ್ತು, ರೊಕ್ಕ ಹೋಗಾಕತ್ತಾವ ಅಂತ ಗೊತ್ತಿರಲಿಲ್ಲ. ನೂಲಿನ ಅಂಗಡಿಯವ್ರಿಗೆ ಕೊಡಾಕ ಫೋನ್ ತಗದ್ರ ಖಾತೆದಾಗ ರೊಕ್ಕ ಕಡಿಮಿ. ಹಿಂದಿಂದು ತಗದು ನೋಡಿದ್ರ 80, 240, 240, 400, ಎಲ್ಲಾ ಒಂದ ಹೆಸರಿಗೆ. ಹದಿನೇಳು ಸಲ ಹೋಗ್ಯಾವ.

ಪಿನ್ ಅವಂಗ ಗೊತ್ತಿಲ್ಲ, ಹೆಂಗ ಹೋದ್ವು ಅಂತ ತಲಿ ಓಡಲಿಲ್ಲ. ಆಮ್ಯಾಲ ತಿಳೀತು, ಚಾ, ಕಾಯಿಪಲ್ಲೆಗಂತ ನಾನ ಯುಪಿಐ ಲೈಟ್ ಅನ್ನೂ ಸಣ್ಣ ರೊಕ್ಕದ ಚೀಲ ಫೋನಿನ್ಯಾಗ ಚಾಲೂ ಮಾಡಿದ್ದೆ. ಅದರಾಗ ಒಂದು ಸಲಕ್ಕ 1000 ರೂಪಾಯಿ ತನಕ ಪಿನ್ ಕೇಳೂದಿಲ್ಲ. ಖಾಲಿ ಆದಂಗ ತಾನ ತುಂಬ್ಕೊಳ್ಳೂದನ್ನೂ ನಾನ ಒತ್ತಿಟ್ಟಿದ್ದೆ. ಆಟದಾಗ ಗುರ್ತಾದ ಒಬ್ಬ "ಅಣ್ಣ" ಡೈಮಂಡ್ (ಆಟದಾಗಿನ ನಾಣ್ಯ) ಕೊಡಿಸ್ತೀನಿ ಅಂತ ಕ್ಯೂಆರ್ ಕಳಸಿದ, ಇವ ಹಾಕಿದ. ಫೋನಿನ ಲಾಕ್ ತಗ್ಯಾಕ ಬಂದ್ರ ಸಾಕಾತು.

ಅವತ್ತ ನಾ ಕೈ ಎತ್ತಿದೆ. ಹೊಡದೆ. ಅದು ನನ್ನ ತಪ್ಪು. ನಾಕು ದಿನ ಹುಡುಗ ಮಾತಾಡಲಿಲ್ಲ. ಐದನೇ ದಿನ ಅವ್ವನ ಮುಂದ ಅತ್ತು ಹೇಳಿದ: ಆ "ಅಣ್ಣ"ನ ಕಡೆ ಇವನ ಫೋಟೋ ಐತಿ, ನನ್ನ ನಂಬರ್ ಐತಿ. "ರೊಕ್ಕ ಹಾಕ್ಲಿಲ್ಲಂದ್ರ ನಿಮ್ಮಪ್ಪಗ ಹೇಳ್ತೀನಿ" ಅಂತ ಅಂಜಸ್ತಿದ್ದ. ಮೊದಲನೇ 80 ರೂಪಾಯಿ ಹುಡುಗನ ಆಸೆಗೆ ಹೋಗಿತ್ರಿ, ಉಳದದ್ದೆಲ್ಲಾ ನನ್ನ ಅಂಜಿಕಿಗೆ ಹೋಗಿತ್ತು. ಅದನ್ನ ನೆನಸ್ಕೊಂಡ್ರ ಈಗೂ ಹೊಟ್ಯಾಗ ಸಂಕಟ ಆಗ್ತೈತಿ.

ಸೈಬರ್ ಮೋಸದ ದೂರು ತಗೊಳ್ಳೂ 1930ಕ್ಕ ಫೋನ್ ಮಾಡಿದಾಗ ಐದು ದಿನ ಆಗಿತ್ತು. ದೂರು ತಗೊಂಡ್ರು, ಆದ್ರ ಆ ಖಾತೆದಾಗಿಂದ ರೊಕ್ಕ ಆಗಲೇ ದಾಟಿದ್ವು. ಗೊತ್ತಾದ ತಾಸಿನಾಗ ಮಾಡಿದ್ರ ನಡುವ ತಡಿಯಾಕ ಆಗ್ತೈತಿ ಅಂದ್ರು. ನಿಮ್ಮ ಪತ್ರದಾಗ ಆ ನಂಬರ್ ದಪ್ಪ ಅಕ್ಷರದಾಗ ಹಾಕ್ರಿ. ಈಗ ಯುಪಿಐ ಲೈಟ್ ತಗದೀನಿ, ಪ್ಲೇ ಸ್ಟೋರ್‌ದಾಗ ಏನ ಕೊಂಡ್ರೂ ಪಾಸ್‌ವರ್ಡ್ ಕೇಳೂವಂಗ ಮಾಡೀನಿ, ಆಟದಾಗ ಮೈಕ್ ಬಂದ್. ದಿನಾ ಅರ್ಧ ತಾಸು ಆಡ್ತಾನ, ನಾನೂ ಬಾಜೂಕ ಕುಂದರ್ತೀನಿ.

ಗೋಕಾಕ ತಾಲೂಕಿನಿಂದ ಒಬ್ಬ ಹೈಸ್ಕೂಲ್ ಶಿಕ್ಷಕಿ

ಇಳಕಲ್ ಅಣ್ಣಾರು ಇಷ್ಟು ತೆರೆದ ಮನಸ್ಸಿನಿಂದ ಬರೆದದ್ದಕ್ಕೆ ಕೈ ಮುಗಿಯುತ್ತೇನೆ. ನಾನು ಹೇಳುವುದು ಶಾಲೆಯ ಕಡೆಯಿಂದ ಆದ ತಪ್ಪು. ಯಾವ ಶಾಲೆ, ಯಾವ ಊರು ಅಂತ ಹೇಳುವುದಿಲ್ಲ.

ಗ್ಯಾದರಿಂಗ್‌ನಲ್ಲಿ ಡ್ಯಾನ್ಸ್ ಮಾಡಿದ ಮಕ್ಕಳ ಫೋಟೋಗಳನ್ನು ಶಾಲೆಯ ಫೇಸ್‌ಬುಕ್ ಪುಟದಲ್ಲಿ ಹಾಕಿದ್ದರು. ಒಳ್ಳೆಯ ಉದ್ದೇಶವೇ. ಕೆಳಗೆ ಹುಡುಗಿಯ ಪೂರ್ತಿ ಹೆಸರು, ತಂದೆಯ ಹೆಸರು, ತರಗತಿ, ಹಳ್ಳಿ ಎಲ್ಲ ಇತ್ತು. ಎರಡು ವಾರಕ್ಕೆ ಒಂಬತ್ತನೇ ತರಗತಿಯ ಒಬ್ಬ ಹುಡುಗಿಯ ಹೆಸರಲ್ಲಿ ಇನ್‌ಸ್ಟಾಗ್ರಾಂ ಖಾತೆ ಎದ್ದಿತು. ಅದೇ ಫೋಟೋ, ಅದೇ ಹಳ್ಳಿ. ಆಮೇಲೆ ಮುಖ ಅವಳದ್ದು, ಮೈ ಬೇರೆಯವರದ್ದು ಮಾಡಿ ಜೋಡಿಸಿದ ಚಿತ್ರ ಓಡಾಡಲು ಶುರುವಾಯಿತು. ಹುಡುಗಿ ಮೂರು ದಿನ ಶಾಲೆಗೆ ಬರಲಿಲ್ಲ. ಮನೆಯಲ್ಲಿ ಜ್ವರ ಅಂದಿದ್ದಳು. ನಾನು ಹೋದಾಗ ಹೊದಿಕೆ ಎಳೆದುಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು, ಮೈ ತಣ್ಣಗಿತ್ತು.

ಅವಳ ತಾಯಿ ಶಾಲೆ ಕಲಿತವರಲ್ಲ. ವಿಷಯ ಗೊತ್ತಾದ ಮೇಲೆ ಅವರು ಆಡಿದ ಮೊದಲ ಮಾತು: "ನಿಂದೇನೂ ತಪ್ಪಿಲ್ಲವ್ವಾ, ಏಳು, ಮಕ ತೊಳಕೋ." ಹುಡುಗಿ ಆವಾಗಲೇ ಎದ್ದು ಕೂತಳು. ಉಳಿದ ಕೆಲಸಗಳೆಲ್ಲ ಆ ಮಾತಿನ ಮೇಲೆಯೇ ನಿಂತವು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಕೆಲಸಗಳು ಏನೆಂದರೆ, ಖಾತೆಯ ಹೆಸರು ಮತ್ತು ಲಿಂಕ್, ಬಂದ ಮೆಸೇಜುಗಳ ಸ್ಕ್ರೀನ್‌ಶಾಟ್, ತಾರೀಖು, ಇಷ್ಟನ್ನು ಇಟ್ಟುಕೊಂಡು ಆಮೇಲೆ ಖಾತೆಯನ್ನು ರಿಪೋರ್ಟ್ ಮಾಡಿದೆವು. ಸಿಟ್ಟಿನಲ್ಲಿ ಮೊದಲೇ ಎಲ್ಲ ಅಳಿಸಿದ್ದರೆ ಪೊಲೀಸರಿಗೆ ತೋರಿಸಲು ಏನೂ ಉಳಿಯುತ್ತಿರಲಿಲ್ಲ. ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟೆವು. ಠಾಣೆಗೆ ಹೋಗಲು ಹಿಂಜರಿಯುವವರು ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಜಾಲತಾಣದಲ್ಲಿ ಬರೆಯಬಹುದು. ಮಕ್ಕಳ ಅಶ್ಲೀಲ ಚಿತ್ರದ ವಿಷಯವಾದರೆ ಅಲ್ಲಿ ಹೆಸರು ಹೇಳದೆಯೂ ದೂರು ಕೊಡಲು ಅವಕಾಶವಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ನೇರವಾಗಿ ಫೋನ್ ಮಾಡಬಹುದು. ಇನ್ನೊಂದು, 18 ತುಂಬದವರ ಬೆತ್ತಲೆ ಚಿತ್ರಗಳಿಗೆ ಅಂತಲೇ "ಟೇಕ್ ಇಟ್ ಡೌನ್" ಎಂಬ ಉಚಿತ ಸೇವೆ ಇದೆ, ಅಮೆರಿಕದ ಎನ್‌ಸಿಎಂಇಸಿ ಎಂಬ ಮಕ್ಕಳ ರಕ್ಷಣಾ ಸಂಸ್ಥೆ ನಡೆಸುವುದು. ಚಿತ್ರ ನಿಮ್ಮ ಫೋನ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಅದರ ಗುರುತಿನ ಸಂಖ್ಯೆ ಮಾತ್ರ ಹೋಗುತ್ತದೆ. ಆ ಸಂಖ್ಯೆ ಹಿಡಿದು ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥವು ಚಿತ್ರವನ್ನು ಹುಡುಕಿ ತೆಗೆಯುತ್ತವೆ. ವಾಟ್ಸಾಪ್‌ನಲ್ಲಿ ಕೈಯಿಂದ ಕೈಗೆ ಹೋಗುವುದನ್ನು ಅದು ತಡೆಯಲಾರದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಪಾಲಕರ ಗುಂಪಿನಲ್ಲಿ ಒಬ್ಬರು "ನೋಡ್ರಿ ಹೆಂಗ ಮಾಡ್ಯಾರ" ಅಂತ ಆ ಚಿತ್ರವನ್ನೇ ಹಾಕಿಬಿಟ್ಟರು. ಮರುಕದಿಂದಲೇ ಹಾಕಿದ್ದು. ಆದರೆ ಮಕ್ಕಳ ಅಂಥ ಚಿತ್ರವನ್ನು ಮುಂದೆ ಕಳಿಸುವುದು ಐಟಿ ಕಾಯ್ದೆಯ 67ಬಿ ಕಲಮಿನಡಿ ಅಪರಾಧ, ಉದ್ದೇಶ ಒಳ್ಳೆಯದಿದ್ದರೂ ಮಗುವಿಗೆ ಆಗುವ ನೋವು ಅಷ್ಟೇ. "ಮರ್ಯಾದೆ ಪ್ರಶ್ನೆ, ಇಲ್ಲೇ ಮುಗಿಸೋಣ" ಅಂದ ಹಿರಿಯರೂ ಇದ್ದರು. ಮಗುವಿನ ಮೇಲೆ ಲೈಂಗಿಕ ಅಪರಾಧ ಆಗಿದೆ ಅಂತ ಗೊತ್ತಾದವರು ತಿಳಿಸಲೇಬೇಕು ಅಂತ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮು ಹೇಳುತ್ತದೆ, ಶಿಕ್ಷಕರೂ ಅದರಲ್ಲಿ ಬಂದರು. ನಾನು ಅದನ್ನೇ ಅವರ ಮುಂದೆ ಓದಿ ಹೇಳಿದೆ. ಸುಮ್ಮನಾದರು.

ಆದ್ದರಿಂದ ನವನಗರದ ಅಕ್ಕಾರ, ನಿಮ್ಮ ಸುದ್ದಿ ಪತ್ರವೇ ಮೊದಲು ಬದಲಾಗಲಿ. ಗುಂಪಿನ ಫೋಟೋ ಇರಲಿ, ಕೆಳಗೆ ಹೆಸರು ಬೇಡ. ಗೆದ್ದವರ ಹೆಸರು ಬೇರೆ ಕಡೆ ಇರಲಿ, ಫೋಟೋ ಬೇಡ. ಹೆಸರು ಮತ್ತು ಮುಖ ಒಂದೇ ಕಡೆ ಕೂಡಬಾರದು. ಝೆರಾಕ್ಸ್ ಪ್ರತಿ ಊರಲ್ಲೇ ಇರುತ್ತದೆ, ಅದೇ ಪಿಡಿಎಫ್ ಆಗಿ ಗುಂಪಿಗೆ ಬಿದ್ದರೆ ಎಲ್ಲಿ ಹೋಗಿ ನಿಲ್ಲುತ್ತದೋ. ಪಾಲಕರ ಒಪ್ಪಿಗೆ ಚೀಟಿ ಒಂದು ವರ್ಷಕ್ಕೊಮ್ಮೆ ತಗೊಳ್ಳಿ, ಮಗುವನ್ನೂ ಕೇಳಿ. ನಮ್ಮಲ್ಲಿ ಇಬ್ಬರು ಹುಡುಗಿಯರು "ಬ್ಯಾಡ ಅಕ್ಕೋರ" ಅಂದರು. ಕಾರಣ ಕೇಳಲಿಲ್ಲ, ಹಾಕಲಿಲ್ಲ.

ಜಮಖಂಡಿಯಿಂದ ಒಬ್ಬ ತಂದೆ

ಇಷ್ಟೆಲ್ಲಾ ಯಾಕ್ರಿ? ಹತ್ತನೇತ್ತ ಮುಗಿಯೂತನಕ ಕೈಗೆ ಕೊಡಬಾರದು. ನಮ್ಮ ಮನೆಯಲ್ಲಿ ಇರುವುದು ಕೀಪ್ಯಾಡ್ ಫೋನು, ನನ್ನದೊಂದು ಮಾತ್ರ ದೊಡ್ಡದು, ಅದು ನನ್ನ ಕಿಸೆಯಲ್ಲೇ. ತೊಂದರೆ ಕೊಡುವುದು ಶಾಲೆಯವರು. ಹೋಮ್‌ವರ್ಕ್ ವಾಟ್ಸಾಪ್‌ಗೆ ಹಾಕುತ್ತಾರೆ, ಹುಡುಗ ಅದರ ನೆಪದಲ್ಲಿ ಪಕ್ಕದ ಮನೆಗೆ ಓಡುತ್ತಾನೆ. ಹೋಮ್‌ವರ್ಕ್ ಡೈರಿಯಲ್ಲಿ ಬರೆಸಿ ಕಳಿಸಿರಿ ಅಂತ ನಿಮ್ಮ ಪತ್ರದಲ್ಲಿ ಹಾಕಿರಿ.

ಗೋಕಾಕ ತಾಲೂಕಿನ ಶಿಕ್ಷಕಿ

ಜಮಖಂಡಿ ಅಣ್ಣಾರ, ಡೈರಿಯ ಮಾತು ನೂರಕ್ಕೆ ನೂರು ಒಪ್ಪಿದೆ, ನಾಳೆಯೇ ನಮ್ಮ ಸ್ಟಾಫ್ ಮೀಟಿಂಗಿನಲ್ಲಿ ಹೇಳುತ್ತೇನೆ. ಆದರೆ ಹುಡುಗ ಪಕ್ಕದ ಮನೆಗೆ ಓಡುತ್ತಾನೆ ಅಂತ ನೀವೇ ಬರೆದಿದ್ದೀರಿ. ಅಲ್ಲಿ ಏನು ನೋಡುತ್ತಾನೆ ಅಂತ ಅವನು ನಿಮ್ಮ ಮುಂದೆ ಹೇಳುತ್ತಾನಾ? ಹಾಗೆ ಬಂದು ಹೇಳುವ ರೂಢಿಯೊಂದು ಗಟ್ಟಿ ಇದ್ದರೆ ಕೀಪ್ಯಾಡ್ ಫೋನೇ ಸಾಕು.

ಅಥಣಿಯಿಂದ ಒಬ್ಬ ಅಜ್ಜಿ

ನಾ ಹೇಳಾಕತ್ತೀನಿ, ಮೊಮ್ಮಗಳು ಟೈಪ್ ಮಾಡಾಕತ್ಯಾಳ. ಮಗಾ ಸೊಸಿ ಇಚಲಕರಂಜ್ಯಾಗ ದುಡೀತಾರ, ಹುಡುಗಿ ನನ್ನ ಕಡೆ. ನನಗ ಇಂಗ್ಲೀಷ್ ಬರೂದಿಲ್ಲ. ಅಕೀನ ಫೋನಿನ ಭಾಷೆ ಕನ್ನಡ ಮಾಡಿಕೊಟ್ಲು, ಈಗ ಏನೈತಿ ಅಂತ ಓದ್ತೀನಿ.

ಸಂಜಿಕ ನಾ ರೊಟ್ಟಿ ಬಡಿಯೂ ಹೊತ್ತಿಗೆ ಅಕಿ ಒಲಿ ಬಾಜೂಕ ಮಣಿ ಹಾಕ್ಕೊಂಡು ಕುಂದರ್ತಾಳ, ಫೋನ್ ನೋಡ್ಕೋತ ಏನ್ ನೋಡಾಕತ್ಯಾಳ ಅಂತ ನನಗ ಹೇಳ್ತಾಳ. ಒಂದಿನ ಯಾರೋ "ಹಾಯ್ ಬ್ಯೂಟಿಫುಲ್" ಅಂತ ಕಳಸಿದ್ದ. ನಾ ಬೈಲಿಲ್ಲ. "ಯಾವೂರಾಂವ, ಯಾರ ಪೈಕಿ?" ಅಂತ ಕೇಳಿದೆ. ಗೊತ್ತಿಲ್ಲ ಅಂದ್ಲು. "ಊರು ಗೊತ್ತಿಲ್ಲ, ಮನಿ ಗೊತ್ತಿಲ್ಲ, ಅಂವನ್ನ ಒಳಗ ಯಾಕ ಕರದೀ?" ಅಂದೆ. ತಾನ ಬ್ಲಾಕ್ ಮಾಡಿದ್ಲು. ಈಗ ಯಾರರ ಹೊಸಬರು ಬಂದ್ರ ಅಕೀನ ಕೇಳ್ಕೋತಾಳ, ಯಾರ ಪೈಕಿ ಅಂತ.

ಒಂಬತ್ತಕ್ಕ ಎರಡೂ ಫೋನು ಪಡಸಾಲಿ ಮಾಡದಾಗ. ನಂದೂ ಅಲ್ಲೇ. ನಾ ಧಾರಾವಾಹಿ ನೋಡ್ಕೋತ ಅಕಿಗಷ್ಟ ಬ್ಯಾಡ ಅಂದ್ರ ಕೇಳ್ತಾಳೇನ?

ವಿಜಯಪುರ, ಗಾಂಧಿ ಚೌಕದ ಹತ್ತಿರ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವವನು

ಅಜ್ಜಿ ಮಾತು ಓದಿ ಅಂಗಡಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಾನು ಸೆಟ್ಟಿಂಗಿನ ಮಾತಷ್ಟೇ ಹೇಳುತ್ತೇನೆ.

ದಿನಾ ಪಾಲಕರು ಬಂದು "ಮಕ್ಕಳ ಲಾಕ್ ಹಾಕಿಕೊಡಿ" ಅನ್ನುತ್ತಾರೆ. ಮಗುವಿಗೆ ಬೇರೆ ಫೋನ್ ಇದ್ದರೆ ಗೂಗಲ್ ಫ್ಯಾಮಿಲಿ ಲಿಂಕ್ ಹಾಕುತ್ತೇವೆ. ಹೊಸ ಆ್ಯಪ್ ಹಾಕಬೇಕಾದರೆ ನಿಮ್ಮ ಫೋನಿಗೆ ಕೇಳುತ್ತದೆ, ರಾತ್ರಿ ಹೊತ್ತಿಗೆ ತಾನೇ ಬಂದ್ ಆಗುತ್ತದೆ. ಆದರೆ ನಮ್ಮ ಕಡೆ ಬಹಳ ಮನೆಗಳಲ್ಲಿ ಇರುವುದೇ ಒಂದು ಫೋನು, ಅಪ್ಪ ಮನೆಗೆ ಬಂದ ಮೇಲೆ ಮಕ್ಕಳ ಪಾಲು. ಅಂಥ ಫೋನಿಗೆ ಪ್ಲೇ ಸ್ಟೋರ್‌ನ ಪೇರೆಂಟಲ್ ಕಂಟ್ರೋಲ್‌ನಲ್ಲಿ ವಯಸ್ಸು ಇಟ್ಟು ಪಿನ್ ಹಾಕಿ, ಹಣದ ಆ್ಯಪ್‌ಗಳಿಗೆ ಬೇರೆ ಲಾಕ್ ಹಾಕಿ. ಫೋನ್ ತೆಗೆಯುವ ಪ್ಯಾಟರ್ನೇ ಅದಕ್ಕೂ ಇರಬಾರದು, ಅದು ಮಕ್ಕಳಿಗೆ ಬಾಯಿಪಾಠ. ಸಣ್ಣವರಿಗೆ ಯೂಟ್ಯೂಬ್ ಬದಲು ಯೂಟ್ಯೂಬ್ ಕಿಡ್ಸ್. ವಾಟ್ಸಾಪ್‌ನಲ್ಲಿ "ಗುಂಪಿಗೆ ಯಾರು ಸೇರಿಸಬಹುದು" ಅನ್ನುವುದನ್ನು "ನನ್ನ ಸಂಪರ್ಕಗಳು" ಅಂತ ಮಾಡಿ, ಪ್ರೊಫೈಲ್ ಫೋಟೋಗೂ ಹಾಗೇ.

ಇನ್‌ಸ್ಟಾಗ್ರಾಂನಲ್ಲಿ ಈಗ ಹದಿಹರೆಯದವರಿಗೆ ಟೀನ್ ಅಕೌಂಟ್ ಬಂದಿದೆ. ಖಾತೆ ತಾನಾಗೇ ಖಾಸಗಿ ಆಗುತ್ತದೆ, ಗುರುತಿಲ್ಲದವರು ಮೆಸೇಜ್ ಹಾಕಲು ಆಗದು, 16 ತುಂಬದವರು ಅದನ್ನು ಸಡಿಲ ಮಾಡಬೇಕಾದರೆ ಪಾಲಕರು ಒಪ್ಪಬೇಕು. ಆದರೆ ನಾನು ನೋಡಿದ ಹುಡುಗರೆಲ್ಲ ಹುಟ್ಟಿದ ವರ್ಷ 2000, 2001 ಅಂತ ಕೊಟ್ಟಿರುತ್ತಾರೆ. ಆ್ಯಪ್ ಲೆಕ್ಕದಲ್ಲಿ ಅವರು ದೊಡ್ಡವರು, ಯಾವ ರಕ್ಷಣೆಯೂ ತಾಗುವುದಿಲ್ಲ. ಮಗುವಿನ ಜೊತೆ ಕೂತು ಮೊದಲು ಆ ವರ್ಷ ನೋಡಿ.

ಇನ್ನೊಂದು, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿದೆ. "ಬಣ್ಣ ಹೇಳು, ದುಪ್ಪಟ್ಟು ಗೆಲ್ಲು" ಅನ್ನುವ ಲಿಂಕು ಟೆಲಿಗ್ರಾಂನಲ್ಲಿ ಬಂದರೆ ಅದು ಮೋಸವೇ.

ನವನಗರದ ತಾಯಿ

ಎಲ್ಲರಿಗೂ ಋಣಿ ರೀ. ನಿನ್ನೆ ರಾತ್ರಿ ಕೂತು ಪುಟ ಬರೆದೆ. ಮೇಲೆ ದಪ್ಪಗೆ 1930, 1098, ತುರ್ತಿಗೆ 112. ಅದರ ಕೆಳಗೆ ಇಳಕಲ್ ಅಣ್ಣಾರ ಅನುಭವ, ಊರು ಹೆಸರು ಬಿಟ್ಟು. ಆಮೇಲೆ ಅಜ್ಜಿಯ ಪ್ರಶ್ನೆ, ಇದ್ದದ್ದು ಇದ್ದಂಗೆ. ಸೆಟ್ಟಿಂಗ್ ಎಲ್ಲ ಕಾಗದದ ಮೇಲೆ ತಿಳಿಯುವುದಿಲ್ಲ ಅಂತ ಶನಿವಾರ ಪಾಲಕರು ಫೋನ್ ತಂದರೆ ಪಿಯುಸಿ ಓದುವ ಹಳೆಯ ವಿದ್ಯಾರ್ಥಿಗಳು ಹಾಕಿಕೊಡುತ್ತಾರೆ. ಮೊದಲ ಪುಟದ ಕ್ರೀಡಾಕೂಟದ ಫೋಟೋದ ಕೆಳಗಿನ ಹೆಸರು ತೆಗೆದೆ, ಹೋಮ್‌ವರ್ಕ್ ಡೈರಿಗೆ ಹೆಡ್‌ಮಾಸ್ತರ್ ಹೂಂ ಅಂದರು.

ಕೊನೆಗೆ "ಮಕ್ಕಳು ಬಂದು ಹೇಳಿದರೆ ಬೈಯುವುದಿಲ್ಲ, ಹೊಡೆಯುವುದಿಲ್ಲ, ಫೋನ್ ಕಸಿಯುವುದಿಲ್ಲ" ಅಂತ ಒಂದು ಸಾಲು ಬರೆದು ಪಾಲಕರ ಸಹಿಗೆ ಜಾಗ ಬಿಟ್ಟಿದ್ದೇನೆ. ನನ್ನ ಮಗ ಅದನ್ನು ಓದಿ "ಅವ್ವಾ, ನೀ ಸಹಿ ಮಾಡ್ತೀ?" ಅಂದ. ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತು, ಫೋನ್ ತಂದು ಒಂದು ಮೆಸೇಜ್ ತೋರಿಸಿದ. ಅದರ ವಿಷಯ ಇಲ್ಲಿ ಬೇಡ, ಇವತ್ತು ದೂರು ಕೊಟ್ಟು ಬಂದೆವು.

ಈಗ ಒಂದೇ ಕೆಲಸ ಉಳಿದಿದೆ. ಪಕ್ಕದ ಉರ್ದು ಶಾಲೆಯ ಪಾಲಕರೂ ಈ ಪುಟ ಕೇಳುತ್ತಿದ್ದಾರೆ. ಗುರುವಾರದೊಳಗೆ ಉರ್ದುವಿನಲ್ಲಿ ಬರೆದು ಕೊಡುವವರು ಯಾರಾದರೂ ಇದ್ದರೆ ಹೇಳಿ, ಶುಕ್ರವಾರ ಝೆರಾಕ್ಸ್‌ಗೆ ಹೋಗಬೇಕು.

ವಿಜಯಪುರದ ಮೊಬೈಲ್ ಅಂಗಡಿಯವನು

ನನ್ನ ಅಕ್ಕ ಉರ್ದು ಶಾಲೆಯಲ್ಲಿ ಟೀಚರ್. ಪುಟದ ಫೋಟೋ ಕಳಿಸಿ, ಬುಧವಾರ ಸಂಜೆಗೆ ಬರೆಸಿ ಕೊಡುತ್ತೇನೆ.