ಅಪ್‌ಡೇಟ್: ಅಮ್ಮನ ಮಲಬದ್ಧತೆ

ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ಶುರುವಾದ ಮೇಲೆ ಅಮ್ಮನಿಗೆ ಹೊಟ್ಟೆ ಕಟ್ಟಿಕೊಂಡಿದೆ, ಏನು ಮಾಡಲಿ ಅಂತ ಕೇಳಿದ್ದೆ. ಈಗ ಎಷ್ಟೋ ಆರಾಮಾಗಿದ್ದಾರೆ.

ಮಾತ್ರೆಯಿಂದಲೇ ಹೀಗಾಗಿದೆ, ಆದರೆ ಸುಮ್ನೆ ನಿಲ್ಲಿಸಬೇಡಿ ಅಂದರು ಡಾಕ್ಟರ್. ರಾತ್ರಿಗೆ ಲ್ಯಾಕ್ಟುಲೋಸ್ ಸಿರಪ್ ಕೊಟ್ಟರು. ಅದು ಕರುಳಿಗೆ ನೀರು ಎಳೆದು ಮಲ ಮೆತ್ತಗೆ ಮಾಡುತ್ತದೆ. ಕೆಲಸ ಮಾಡಲು ಒಂದೆರಡು ದಿನ ಬೇಕು. ನೀವು ಹೇಳಿದ ಇಸಬ್‌ಗೋಲ್‌ಗೂ ಲೋಟ ತುಂಬಾ ನೀರು ಬೇಕೇ ಬೇಕು. ನಮ್ಮ ರಾಯಚೂರಿನ ಬಿಸಿಲಲ್ಲಿ ಬೆವರಿಗೇ ನೀರು ಹೋಗುತ್ತೆ ಅಲ್ವಾ, ಅಮ್ಮನ ಪಕ್ಕದಲ್ಲೇ ತಂಬಿಗೆ ಇಟ್ಟಿದ್ದೇನೆ. ಜೋಳದ ರೊಟ್ಟಿ ಜೊತೆ ಪುಂಡಿ ಪಲ್ಯ, ಹೆಸರುಕಾಳು ಜಾಸ್ತಿ ಮಾಡಿದೆವು. ನಾಷ್ಟಾ ಆದ ಮೇಲೆ ಕರುಳು ಚುರುಕಾಗುತ್ತದೆ, ಆಗಲೇ ಹೋಗಿ ಕೂರುತ್ತಾರೆ. ಕಮೋಡ್ ಮುಂದೆ ಕಾಲಿಗೊಂದು ಮಣೆ.

ಈ ಮಾತ್ರೆಗೆ ಮಲ ಕಪ್ಪಾಗುವುದು ಸಹಜ. ಡಾಂಬರಿನಂತೆ ಅಂಟಂಟಾಗಿದ್ದರೆ, ರಕ್ತ ಕಂಡರೆ ಮಾತ್ರ ತಡಮಾಡದೆ ತೋರಿಸಿ.